ಡ್ರೈವರ್‌ಗೆ ಮೊದಲು ಕೇಬಲ್ ನೋಡಿ

ನ್ಯಾನೋ, ಇಎಸ್‌ಪಿ32ರಂಥ ಮೈಕ್ರೋಕಂಟ್ರೋಲರ್ ಬೋರ್ಡನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದಾಗ ಅದರ ಪೋರ್ಟ್ ಕಾಣದಿದ್ದರೆ ಡ್ರೈವರನ್ನು (ಬೋರ್ಡನ್ನು ಗುರುತಿಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ತೆಗೆದು ಮತ್ತೆ ಹಾಕಬೇಕೆಂದು ಲೇಖನವೊಂದು ನೀಡಿದ ಸಲಹೆಯನ್ನು ಪೂರ್ತಿಯಾಗಿ ಒಪ್ಪಲಾಗದು. ಬೀದರ್‌ನ ನಮ್ಮ ಡಿಪ್ಲೊಮಾ ಪ್ರಯೋಗಾಲಯಕ್ಕೆ ವಿದ್ಯಾರ್ಥಿಗಳು ತರುವ ಕೇಬಲ್‌ಗಳಲ್ಲಿ ಹಲವು ಮೊಬೈಲ್ ಚಾರ್ಜಿಂಗ್‌ಗಷ್ಟೇ ಆಗುವಂಥವು. ಅವುಗಳಲ್ಲಿ ಡೇಟಾ ತಂತಿಗಳೇ ಇಲ್ಲದಿರುವುದರಿಂದ ಬೋರ್ಡಿನ ದೀಪ ಹೊತ್ತಿದರೂ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಏನೂ ಕಾಣಿಸುವುದಿಲ್ಲ. ಹಳದಿ ಗುರುತಿನೊಡನೆ ಸಾಧನ ಕಾಣಿಸಿಕೊಂಡರೆ ಡ್ರೈವರನ್ನು ಅನುಮಾನಿಸಬಹುದು. ಆಗಲೂ ಬೋರ್ಡಿನ ಯುಎಸ್‌ಬಿ ಪೋರ್ಟಿನ ಬಳಿ ಇದ್ದು ಕಂಪ್ಯೂಟರಿನೊಡನೆ ಸಂಪರ್ಕ ಕಲ್ಪಿಸುವ ಚಿಪ್ಪಿನ ಮೇಲಿನ ಬರಹವನ್ನು (ಭೂತಗನ್ನಡಿ ಬೇಕಾದೀತು) ಓದಿಯೇ ಮುಂದುವರಿಯಬೇಕು, ಏಕೆಂದರೆ ಅಗ್ಗದ ನ್ಯಾನೋ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಸಿಎಚ್340 ಚಿಪ್ಪಿನ ಡ್ರೈವರ್ ಅನೇಕ ಇಎಸ್‌ಪಿ32 ಬೋರ್ಡುಗಳಲ್ಲಿರುವ ಸಿಪಿ2102 ಚಿಪ್ಪಿಗೆ ಹೊಂದುವುದಿಲ್ಲ. ಲೇಖನದಲ್ಲಿ ಬಾರದ ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಡ್ರೈವರ್ ಅದರ ತಿರುಳಾದ ಕರ್ನೆಲ್‌ನಲ್ಲೇ ಇದ್ದರೂ ಬ್ರೈಲ್ ಸಾಧನಗಳಿಗಾಗಿರುವ ಬಿಆರ್‌ಎಲ್‌ಟಿಟಿವೈ ತಂತ್ರಾಂಶವು ಸಿಎಚ್340ನ್ನು ತನ್ನದೆಂದು ಹಿಡಿದುಕೊಳ್ಳುವುದುಂಟು. ಬ್ರೈಲ್ ಸಾಧನ ಬಳಸದವರು ಆ ತಂತ್ರಾಂಶವನ್ನು ತೆಗೆದು ಬೋರ್ಡನ್ನು ಮತ್ತೆ ಜೋಡಿಸಿದರೆ ಪೋರ್ಟ್ ಕಾಣಿಸುತ್ತದೆ.