ಹುಲ್ಲು ತುಂಬಿದ ಹುಲಿ ನನಗೆ ಬೇಡ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಗುಜರಿಗೆ ಹೊರಟಿದ್ದ ಕಮೊಡೋರ್ 64 ಅನ್ನೋ 1980ರ ದಶಕದ ಮನೆ ಕಂಪ್ಯೂಟರ್ ಒಂದನ್ನು ನಾನು ಎತ್ತಿಕೊಂಡು ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಮೂರು ವಾರದಿಂದ ಅದರದ್ದೇ ಫೋಟೋ ಹಾಕಿ ನಿಮ್ಮ ಪ್ರಾಣ ತಿಂದಿದ್ದೇನೆ. ನಿನ್ನೆ ಅದು ಎದ್ದು ಕೂತಿತು. ಖುಷಿಗೆ ಗೆಳೆಯನೊಬ್ಬನನ್ನು ಕರೆದು ತೋರಿಸಿದೆ. ಅವನು ಹೇಳಿದ್ದು: "ಇಷ್ಟೆಲ್ಲ ಯಾಕೋ ಒದ್ದಾಡ್ದೆ? ಒಳಗಿರೋದನ್ನೆಲ್ಲ ಕಿತ್ತು ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಹೊಸ ಕಂಪ್ಯೂಟರ್ ಕೂರಿಸಿದ್ರೆ ಮುಗೀತಿತ್ತು."

ಮುಗೀತಿತ್ತಂತೆ! ಹುಲಿಯ ಹೊಟ್ಟೆ ಬಗೆದು, ಹುಲ್ಲು ತುಂಬಿ, ಹುಲಿ ಸಾಕಿದ್ದೇನೆ ಅಂದ ಹಾಗೆ.

ಒಳಗಿರೋದೇ ಕಂಪ್ಯೂಟರ್ ಅಲ್ವಾ? ಮೇಲಿನದು ಬರೀ ಪ್ಲಾಸ್ಟಿಕ್, ಅದೂ ಹಳದಿಗೆ ತಿರುಗಿದೆ. (ಹಳದಿ ಹೋಗೋಕೆ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡು ಅಂತ ಸಲಹೆ ಕೊಡುವವರೇ, ನನ್ನ ತಲೆಗೂದಲಿಗೇ ನಾನು ಬಣ್ಣ ಹಚ್ಚಿಲ್ಲ.)

ಮೊದಲು ಸ್ವಿಚ್ ಹಾಕಿದಾಗ ಪರದೆ ತುಂಬ ಕಪ್ಪು. ಪವರ್ ಸಪ್ಲೈಗೆ ಮೀಟರ್ ಹಿಡಿದರೆ 5 ವೋಲ್ಟ್ ಇರಬೇಕಾದ ಕಡೆ 6 ದಾಟಿತ್ತು. ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್‌ಗೆ ವಯಸ್ಸಾಗಿ ಅದು ಹೀಗೆ ಏರಿದರೆ, ಕೆಲಸದ ವೇಳೆ ಮಾಹಿತಿ ಹಿಡಿದಿಡುವ ರ‍್ಯಾಮ್ ಚಿಪ್‌ಗಳು ಸಾಯುತ್ತವೆ. ಇದರಲ್ಲಿ ಅಂಥವು 8. ಪ್ರತಿ ಬೈಟ್‌ನ ಒಂದೊಂದು ಬಿಟ್ ಒಂದೊಂದು ಚಿಪ್‌ನ ಪಾಲು. ಒಂದು ಸತ್ತರೂ 65,536 ಬೈಟ್‌ಗಳೂ ಕುಂಟುತ್ತವೆ. ಬೇರೆ ಸಪ್ಲೈ ಕೊಟ್ಟು, ಒಂದೊಂದರ ಮೇಲೂ ಬೆರಳಿಟ್ಟೆ. ಏಳು ಬೆಚ್ಚಗಿದ್ದವು, ಎಂಟನೆಯದು ಚುರ್ ಅಂದಿತು. ಸಿಕ್ಕಿಬಿದ್ದೆ ಕಳ್ಳ! 16 ಕಾಲುಗಳ ಬೆಸುಗೆ ಬಿಡಿಸುವಾಗ ಒಂದರ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. ಸಣ್ಣ ವೈರ್ ಹಾಕಿ ತೇಪೆ ಹಚ್ಚಿ, ಸಾಕೆಟ್ ಕೂರಿಸಿ, ಅದೇ ಮಾದರಿಯ (4164) ಬೇರೆ ಚಿಪ್ ಹಾಕಿದೆ.

ಒಂದು ನಿಜ ಹೇಳಿಬಿಡುತ್ತೇನೆ. ಮೀಟರ್ ಹಿಡಿದದ್ದು ಎರಡನೆಯ ದಿನ. ಮೊದಲ ದಿನ ತಡೆಯಲಾರದೆ ಸೀದಾ ಪ್ಲಗ್ ಚುಚ್ಚಿದ್ದೆ. ಹಾಗಾಗಿ ಆ ಚಿಪ್ಪನ್ನು ಕೊಂದವನು ನಾನೇ ಇರಬಹುದು. ಗೆಳೆಯನಿಗೆ ಇದನ್ನು ಹೇಳಿಲ್ಲ. ನೀವೂ ಹೇಳಬೇಡಿ.

ಆಮೇಲೆ ನೀಲಿ ಪರದೆ ಬಂತು, "38911 ಬೇಸಿಕ್ ಬೈಟ್ಸ್ ಫ್ರೀ" ಅಂತ. ಬೇಸಿಕ್ ಅನ್ನೋ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋಕೆ ಇಷ್ಟು ಜಾಗ ಖಾಲಿ ಇದೆ ಅಂತ ಅರ್ಥ. ಪೋಕ್ 53280,2 ಅಂತ ಟೈಪ್ ಮಾಡಿ ರಿಟರ್ನ್ ಒತ್ತಿದೆ. ಸುತ್ತಲ ಅಂಚು ಕೆಂಪಾಯಿತು. ಅಷ್ಟೇ. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ, ಒಪ್ಪಿಗೆಯ ಬಟನ್ ಇಲ್ಲ. ಮೆಮೊರಿಯ ಒಂದು ಜಾಗಕ್ಕೆ ಒಂದು ಅಂಕಿ ಹಾಕಿದೆ, ಬಣ್ಣ ಬದಲಾಯಿತು. ಸುಮ್ನೆ ಹತ್ತು ಸಲ ಮಾಡಿದೆ.

"ಎಮ್ಯುಲೇಟರ್‌ನಲ್ಲೂ ಇದೆಲ್ಲ ಬರುತ್ತಲ್ಲ" ಅಂದ ಗೆಳೆಯ. ಹಳೆಯ ಮೆಷಿನ್‌ನಂತೆ ನಟಿಸುವ ಸಾಫ್ಟ್‌ವೇರ್ ಅದು. ಬರುತ್ತದಪ್ಪಾ, ಚೆನ್ನಾಗೇ ಬರುತ್ತದೆ. ಆದರೆ ಇದರ ಧ್ವನಿಗೆ ಅಂತ ಒಂದು ಸಿಡ್ ಚಿಪ್ ಇದೆ, 6581. ಅದರೊಳಗೆ ಧ್ವನಿಯನ್ನು ತಿದ್ದುವ ಫಿಲ್ಟರ್ ಒಂದು ಚಿಪ್‌ನಿಂದ ಇನ್ನೊಂದಕ್ಕೆ ಬೇರೆ ಬೇರೆ. ಅಂದರೆ ಒಂದೊಂದು ಮೆಷಿನ್‌ಗೂ ಅದರದ್ದೇ ಗಂಟಲು. ಎಮ್ಯುಲೇಟರ್ ಯಾರದೋ ಗಂಟಲನ್ನು ಅನುಕರಿಸುತ್ತದೆ. ನನ್ನ ಮೆಷಿನ್‌ನದು ಸ್ವಲ್ಪ ಗೊಗ್ಗರು. ಇರಲಿ, ನನ್ನ ಗಂಟಲೂ ಹಾಗೇ ಇದೆ.

ಕಿತ್ತು ಬಿಸಾಕ್ಬೇಕಂತೆ. ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿದ ಫೋನ್ ಹಿಡಿದುಕೊಂಡು ನನಗೆ ಹೇಳುತ್ತಾನೆ!

ಬರೆಯೋಕೆ ಕೂರುವ ಮೊದಲು ಕ್ಯಾಸೆಟ್‌ನಿಂದ ಒಂದು ಆಟ ಲೋಡ್ ಆಗಲಿ ಅಂತ ಹಾಕಿದ್ದೆ. ಈಗ ನೋಡಿದರೆ "ಲೋಡ್ ಎರರ್" ಅಂತಿದೆ. ರಿವೈಂಡ್ ಮಾಡಿ ಬರುತ್ತೇನೆ.