ಏಳು ಏಟು ಪ್ರೋತ್ಸಾಹ, ಎಂಟನೆಯದು ಹಿಂಸೆ

ಬಿಸ್ಕತ್ತಿನ ಡಬ್ಬ ಮೇಜಿನಿಂದ ಮೇಜಿಗೆ ಬರುತ್ತಿತ್ತು. ನಾನು ಬಿಸ್ಕತ್ತು ಅಂತಲೇ ಕೈ ಹಾಕಿದೆ. ಬಂದದ್ದು ಮಡಚಿದ ಚೀಟಿ. ಬಿಡಿಸಿ ನೋಡಿದರೆ ಒಂದು ಕುದುರೆಯ ಹೆಸರು.

"ಎರಡು ಪೌಂಡ್ ಕೊಡು," ಎಂದಳು ಡಬ್ಬ ಹಿಡಿದಿದ್ದ ಅಕೌಂಟ್ಸ್‌ನವಳು. "ಶನಿವಾರದ ತನಕ ಈ ಕುದುರೆ ನಿನ್ನದು."

ಹೀಗೆ ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ನಾನು ಕುದುರೆಯ ಯಜಮಾನನಾದೆ. ಒಟ್ಟು 34 ಚೀಟಿ, 68 ಪೌಂಡ್. ಗೆದ್ದ ಕುದುರೆಗೆ 40, ಎರಡನೆಯದಕ್ಕೆ 15, ಮೂರನೆಯದಕ್ಕೆ 8. ಉಳಿದ 5 ಪೌಂಡ್ ಎಲ್ಲಕ್ಕಿಂತ ಮೊದಲು ಬೀಳುವ ಕುದುರೆಗೆ. ಕುದುರೆಗೆ ಅಂದರೆ ಕುದುರೆಗಲ್ಲ, ಚೀಟಿ ಇದ್ದವರಿಗೆ. ಕುದುರೆಗೆ ಬೀಳುವ ಕೆಲಸ ಮಾತ್ರ.

ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೇಸಿನ ವಾರ ಅದು. ವರ್ಷವಿಡೀ ಕುದುರೆಯ ಕಡೆ ತಿರುಗಿಯೂ ನೋಡದ ಇಂಗ್ಲೆಂಡಿನ ಜನ ಆ ಮೂರು ದಿನ ಅಶ್ವಶಾಸ್ತ್ರ ಓದಿದವರ ಹಾಗೆ ಮಾತಾಡುತ್ತಾರೆ. ಒಬ್ಬಳು ಮೊಮ್ಮಗನ ಹೆಸರಿಗೆ ಹತ್ತಿರ ಇರುವ ಕುದುರೆಗೆ ದುಡ್ಡು ಹಾಕುತ್ತಾಳೆ. ಇನ್ನೊಬ್ಬ ಜಾಕಿಯ ಅಂಗಿಯ ಬಣ್ಣ ನೋಡಿ ಹಾಕುತ್ತಾನೆ. ನಮ್ಮ ಕಡೆ ಇದಕ್ಕೆ ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದು ಅಂತಾರೆ. ನಗಬೇಡಿ. ಕುದುರೆ ರೇಸು ಅದೃಷ್ಟದ ಆಟವಲ್ಲ, ಜಾಣತನದ ಆಟ ಎಂದು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅಂಗಿಯ ಬಣ್ಣ ನೋಡುವುದೂ ಜಾಣತನವೇ ಅಲ್ವಾ?

ಇದು ಬೆಂಗಳೂರಿನ ರೇಸ್‌ಕೋರ್ಸಿನ ಹಾಗೆ ಸುಮ್ನೆ ಓಡುವ ರೇಸ್ ಅಲ್ಲ. ಬೇಲಿ ಹಾರುವ ರೇಸು. ಸುಮಾರು 7 ಕಿಲೋಮೀಟರ್ ದೂರ, ದಾರಿಯಲ್ಲಿ 30 ಬೇಲಿ, 34 ಕುದುರೆ. 2023ರವರೆಗೆ 40 ಕುದುರೆ ಓಡುತ್ತಿದ್ದವು. ಜಾಸ್ತಿ ಆಯಿತು, ಅಪಾಯ ಎಂದು 6 ಕಡಿಮೆ ಮಾಡಿದರು. ಉಳಿದ 34ಕ್ಕೆ ಅಪಾಯವಿಲ್ಲ ಎಂದು ಯಾರೂ ಹೇಳಲಿಲ್ಲ, ನಾವೇ ಹಾಗಂದುಕೊಳ್ಳಬೇಕು.

ಈ ಹುಚ್ಚು ಶುರುವಾದದ್ದು 1752ರಲ್ಲಿ, ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ. ಇಬ್ಬರು ಗೆಳೆಯರು ಬಟವಂಟ್ ಊರಿನ ಚರ್ಚಿನಿಂದ ಡೊನರೇಲ್ ಚರ್ಚಿಗೆ ಕುದುರೆ ಓಡಿಸುವ ಪಂಥ ಕಟ್ಟಿದರು. ಗೋಪುರ ನೋಡಿಕೊಂಡು ನೇರ ಹೋಗುವುದು, ಮಧ್ಯೆ ಗದ್ದೆ, ಬೇಲಿ, ತೋಡು ಏನೇ ಬಂದರೂ ಹಾರುವುದು. ಗೋಪುರದ ಹೆಸರಿನಿಂದಲೇ ಇದಕ್ಕೆ ಸ್ಟೀಪಲ್‌ಚೇಸ್ ಎಂಬ ಹೆಸರು ಬಂತು. ಆವತ್ತು ಆ ಊರುಗಳ ನಡುವೆ ಬೇಲಿಗಳು ಇದ್ದವು, ಅದಕ್ಕೇ ಹಾರಿದರು. ಈಗ ಹಾರಬೇಕು ಅಂತಲೇ ಬೇಲಿ ಕಟ್ಟುತ್ತಾರೆ. ಒಳಗೆ ಪ್ಲಾಸ್ಟಿಕ್ ಕಡ್ಡಿ, ಹೊರಗೆ ಸ್ಪ್ರೂಸ್ ಮರದ ಹಸಿರು ಕೊಂಬೆ. ಅಲಂಕಾರ ಮಾಡಿದ ಕಷ್ಟ.

ಬೇಲಿಗಳಿಗೆ ಹೆಸರೂ ಉಂಟು. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಬೆಚರ್ಸ್ ಬ್ರೂಕ್. 1839ರಲ್ಲಿ ಕ್ಯಾಪ್ಟನ್ ಬೆಚರ್ ಎಂಬವನು ಅಲ್ಲಿ ಕುದುರೆಯಿಂದ ತೋಡಿಗೆ ಬಿದ್ದ. ವಿಸ್ಕಿ ಬೆರೆಸದ ನೀರು ಇಷ್ಟು ಕೆಟ್ಟದಾಗಿ ಇರುತ್ತದೆ ಅಂತ ಗೊತ್ತಿರಲಿಲ್ಲ ಎಂದನಂತೆ. ಬಿದ್ದವನ ಹೆಸರು ಸುಮಾರು ಇನ್ನೂರು ವರ್ಷದಿಂದ ಉಳಿದಿದೆ. ಹಾರಿ ಹೋದವರ ಹೆಸರು ಎಷ್ಟು ಜನಕ್ಕೆ ನೆನಪಿದೆಯೋ.

ಈಗ ಭಾರದ ವಿಷಯಕ್ಕೆ ಬರೋಣ. ಒಳ್ಳೆಯ ಕುದುರೆಯೇ ಗೆದ್ದುಬಿಟ್ಟರೆ ಬಾಜಿ ಕಟ್ಟುವವರಿಗೆ ಮಜಾ ಇಲ್ಲ. ಹಾಗಾಗಿ ಜಾಸ್ತಿ ಗೆದ್ದ ಕುದುರೆಗೆ ಜಾಸ್ತಿ ಭಾರ. ಜಾಕಿ ಹಗುರ ಇದ್ದರೆ ಜೀನಿನ ಬಟ್ಟೆಯ ಜೇಬಿಗೆ ಸೀಸದ ತುಂಡು ತುಂಬಿಸಿ ಸರಿದೂಗಿಸುತ್ತಾರೆ. 1974ರಲ್ಲಿ ರೆಡ್ ರಮ್ ಎಂಬ ಕುದುರೆ 76 ಕಿಲೋ ಹೊತ್ತು ಗೆದ್ದಿತು. ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಈ ಪದ್ಧತಿ ವಿವರಿಸಬೇಕಾಗಿಲ್ಲ. ಚೆನ್ನಾಗಿ ಕೆಲಸ ಮಾಡುವವನ ಮೇಜಿನ ಮೇಲೆ ಇನ್ನೂ ನಾಲ್ಕು ಫೈಲು ಬಂದು ಕೂರುತ್ತವೆ. ಅದಕ್ಕೆ ನಮ್ಮಲ್ಲಿ ಇನ್ನೂ ಹೆಸರಿಟ್ಟಿಲ್ಲ, ಇಲ್ಲಿ ಹ್ಯಾಂಡಿಕ್ಯಾಪ್ ಎನ್ನುತ್ತಾರೆ.

ಆ ರೆಡ್ ರಮ್ 1973, 1974 ಮತ್ತು 1977ರಲ್ಲಿ, ಮೂರು ಸಲ ಗೆದ್ದಿತು. ನಡುವಿನ ಎರಡು ವರ್ಷ ಎರಡನೇ ಸ್ಥಾನ. ಆಮೇಲೆ ಅದಕ್ಕೆ ಹೊಸ ಉದ್ಯೋಗ ಸಿಕ್ಕಿತು. ನಮ್ಮಲ್ಲಿ ಸಿನಿಮಾ ನಟರು ಸೀರೆ ಅಂಗಡಿ ಉದ್ಘಾಟನೆಗೆ ಹೋಗುತ್ತಾರಲ್ಲ, ಹಾಗೆ ಸೂಪರ್ ಮಾರ್ಕೆಟ್ ಉದ್ಘಾಟನೆಗೆ ಹೋಗುತ್ತಿತ್ತು. 1977ರಲ್ಲಿ ಬ್ಲ್ಯಾಕ್‌ಪೂಲ್ ಕಡಲತೀರದ ದೀಪಾಲಂಕಾರಕ್ಕೂ ಅದೇ ಮುಖ್ಯ ಅತಿಥಿ. ಭಾಷಣ ಮಾಡಲಿಲ್ಲ. ಉದ್ಘಾಟಕರಲ್ಲಿ ಅಂಥ ಒಳ್ಳೆಯ ಗುಣ ನಾನು ಬೇರೆ ಕಂಡಿಲ್ಲ. 1995ರಲ್ಲಿ ಸತ್ತಾಗ ಏಂಟ್ರಿಯ ಗೆಲುವಿನ ಗೆರೆಯ ಬಳಿಯಲ್ಲೇ ಮಣ್ಣು ಮಾಡಿದರು.

ಶುಕ್ರವಾರ ಮಧ್ಯಾಹ್ನ ಏಂಟ್ರಿಯಲ್ಲಿ ಹೆಂಗಸರ ಟೋಪಿಗಳ ದಿನ. ನಮ್ಮ ಆಫೀಸಿನಲ್ಲಿ ನನ್ನ ವಿಚಾರಣೆಯ ದಿನ. ಪಕ್ಕದ ಮೇಜಿನವನು ಫೋನ್ ಹಿಡಿದು ಬಂದ. ಅದರಲ್ಲಿ ಕಂಬಳದ ವಿಡಿಯೋ. 2020ರಲ್ಲಿ ಶ್ರೀನಿವಾಸ ಗೌಡರ ಓಟವನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿ ಲೋಕವೆಲ್ಲ ಹಂಚಿಕೊಂಡಿತ್ತಲ್ಲ, ಅಂಥದ್ದೇ ಒಂದು.

"ಇದು ನಿಮ್ಮ ಊರಿನದ್ದಾ? ಆ ಪ್ರಾಣಿಗಳಿಗೆ ಬೆತ್ತದಲ್ಲಿ ಹೊಡೆಯುತ್ತಾರೆ!"

ಅವನ ಅಂಗಿಯ ಜೇಬಿನಿಂದ ಬೆಟ್ಟಿಂಗ್ ಅಂಗಡಿಯ ಚೀಟಿ ಇಣುಕುತ್ತಿತ್ತು.

ನಾನು ಕಾರ್ಕಳದವನು. ಮಿಯಾರಿನ ಕಂಬಳದ ಕೆಸರು ಮೈಗೆ ಹಾರಿಸಿಕೊಂಡು ಬೆಳೆದವನು. ಸೋದರಮಾವನ ಮನೆಯಲ್ಲಿ ಓಟದ ಕೋಣಗಳಿದ್ದವು. ರಕ್ತ ಕುದಿಯಿತು. ಬಾಯಿ ತಾನಾಗಿ ಮಾತಾಡತೊಡಗಿತು. "ನೋಡು, ಕೋಣಗಳನ್ನು ನಾವು ಮನೆಮಕ್ಕಳ ಹಾಗೆ ಸಾಕುತ್ತೇವೆ. ಹುರುಳಿ ಬೇಯಿಸಿ ಹಾಕುತ್ತೇವೆ, ಎಣ್ಣೆ ಹಚ್ಚಿ ಉಜ್ಜುತ್ತೇವೆ, ಹಟ್ಟಿಯಲ್ಲಿ ಫ್ಯಾನ್ ಇದೆ. ಓಡುವುದು ಅವುಗಳಿಗೆ ಇಷ್ಟ. ಇದು ನಮ್ಮ ಪರಂಪರೆ. ಕಂಬಳ ನಿಂತರೆ ಅಂಥ ಕೋಣಗಳನ್ನು ಯಾರು ಸಾಕುತ್ತಾರೆ? 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ಕುತ್ತು ಬಂದಿತ್ತು, 2023ರಲ್ಲಿ ಅದೇ ಕೋರ್ಟು ಸರಿ ಎಂದಿತು."

ಅವನು ತಲೆಯಾಡಿಸಿ ಹೋದ. ನಾನು ಗೆದ್ದೆ ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಟೀವಿ ಹಾಕಿದೆ. ರೇಸಿಗೆ ಇನ್ನೂ ಎರಡು ಗಂಟೆ ಇತ್ತು. ಕೆಂಪು ಮುಖದ ಒಬ್ಬರು ಹೇಳುತ್ತಿದ್ದರು: ಕುದುರೆಗಳನ್ನು ನಾವು ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ. ನಮಗಿಂತ ಒಳ್ಳೆಯ ಊಟ ಅವಕ್ಕೆ. ಈಜಲು ಕೊಳ ಇದೆ. ಓಡುವುದು ಅವುಗಳಿಗೆ ಇಷ್ಟ. ಇದು ನಮ್ಮ ಪರಂಪರೆ. ರೇಸ್ ನಿಂತರೆ ಈ ತಳಿಯನ್ನು ಯಾರು ಸಾಕುತ್ತಾರೆ?

ಪಂಚೆ ಉಡಿಸಿದರೆ ಅವರು ನನ್ನ ಮಾವನೇ.

ಇಲ್ಲಿ ಬೆತ್ತವಿಲ್ಲ, ಚಾವಟಿ ಇದೆ. ಅದಕ್ಕೆ ಮೆತ್ತನೆಯ ಫೋಮ್ ಸುತ್ತಿರುತ್ತಾರೆ. ಅದರ ಕೆಲಸಕ್ಕೆ ನಿಯಮದ ಪುಸ್ತಕದಲ್ಲಿರುವ ಪದ ಪ್ರೋತ್ಸಾಹ. ಬೇಲಿ ಹಾರುವ ರೇಸಿನಲ್ಲಿ ಏಳು ಸಲ ಪ್ರೋತ್ಸಾಹಿಸಬಹುದು. 2023ಕ್ಕೆ ಮೊದಲು ಎಂಟು ಇತ್ತು. ಬಹಳ ಚರ್ಚೆ ನಡೆಸಿ, ಸಮಿತಿ ಮಾಡಿ, ಒಂದು ಏಟು ಕಡಿಮೆ ಮಾಡಿದರು. ಕೈ ಭುಜಕ್ಕಿಂತ ಮೇಲೆ ಏಳಬಾರದು. ಎಂಟನೇ ಏಟು ಬಿದ್ದರೆ ಜಾಕಿಗೆ ಶಿಕ್ಷೆ. ಹನ್ನೊಂದನೇ ಏಟು ಬಿದ್ದರೆ? ಕುದುರೆ ಅನರ್ಹ. ಹೌದು, ಸರಿಯಾಗಿಯೇ ಓದಿದಿರಿ. ಹೊಡೆದವನ ಜೊತೆ ಹೊಡೆಸಿಕೊಂಡದ್ದಕ್ಕೂ ಶಿಕ್ಷೆ. ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರು ಕೂಡ ಇಷ್ಟು ದೂರ ಹೋಗಿರಲಿಲ್ಲ.

ಟೀವಿಯಲ್ಲಿ ಹಳೆಯ ರೇಸುಗಳನ್ನೂ ತೋರಿಸಿದರು. 1967ರಲ್ಲಿ ಜಾಕಿ ಇಲ್ಲದ ಒಂದು ಕುದುರೆ 23ನೇ ಬೇಲಿಗೆ ಅಡ್ಡ ಬಂತು. ಹಿಂದಿನವು ಒಂದರ ಮೇಲೊಂದು ರಾಶಿ ಬಿದ್ದವು. ಬಹಳ ಹಿಂದೆ ನಿಧಾನವಾಗಿ ಬರುತ್ತಿದ್ದ ಫಾಯ್ನವಾನ್ ಎಂಬ ಕುದುರೆ ಸಂದಿಯಲ್ಲಿ ದಾರಿ ಮಾಡಿಕೊಂಡು ಗೆದ್ದುಬಿಟ್ಟಿತು. ಅದರ ಮೇಲೆ ಅದರ ಮಾಲೀಕನಿಗೂ ನಂಬಿಕೆ ಇರಲಿಲ್ಲ, ಆವತ್ತು ರೇಸಿಗೇ ಬಂದಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಹೀಗೆಯೇ ಮಂತ್ರಿಯಾಗಿದ್ದಾರೆ.

1993ರದ್ದು ಇನ್ನೂ ಚೆಂದ. ಶುರುವಿನಲ್ಲಿ ಅಡ್ಡ ಕಟ್ಟಿದ್ದ ಪಟ್ಟಿ ಒಬ್ಬ ಜಾಕಿಯ ಕುತ್ತಿಗೆಗೆ ಸುತ್ತಿಕೊಂಡಿತು. ನಿಲ್ಲಿ ನಿಲ್ಲಿ ಎಂದದ್ದು ಮುಂದಿದ್ದವರಿಗೆ ತಿಳಿಯಲಿಲ್ಲ. 39ರಲ್ಲಿ 30 ಕುದುರೆ ಹೊರಟೇ ಬಿಟ್ಟವು. ಏಳು ಕುದುರೆ ಪೂರ್ತಿ ಓಡಿ ಮುಗಿಸಿದವು. ಈಶಾ ನೆಸ್ ಮೊದಲು ಬಂತು, ಜಾಕಿ ಖುಷಿಪಟ್ಟ, ಆಮೇಲೆ ಗೊತ್ತಾಯಿತು ರೇಸೇ ನಡೆದಿಲ್ಲ ಎಂದು. ಬಾಜಿ ಕಟ್ಟಿದ್ದ ಸುಮಾರು ಏಳೂವರೆ ಕೋಟಿ ಪೌಂಡ್ ಜನರಿಗೆ ವಾಪಸ್ ಬಂತು. ಕುದುರೆಗಳು ಓಡಿದ್ದು ಮಾತ್ರ ವಾಪಸ್ ಬರಲಿಲ್ಲ.

ಕೊರೋನಾ ಕಾಲದಲ್ಲಿ, 2020ರಲ್ಲಿ, ರೇಸ್ ರದ್ದಾಯಿತು. ಕಂಪ್ಯೂಟರಿನಲ್ಲೇ ಓಡಿಸಿದರು. ಜನ ಕಂಪ್ಯೂಟರ್ ಕುದುರೆಗೂ ದುಡ್ಡು ಕಟ್ಟಿದರು, ಕೂಗಿದರು, ಅತ್ತರು. ಬಂದ ಲಾಭ 26 ಲಕ್ಷ ಪೌಂಡ್ ಆರೋಗ್ಯ ಸೇವೆಯ ದತ್ತಿಗೆ ಹೋಯಿತು. ಒಂದು ಕುದುರೆಯೂ ಬೆವರಲಿಲ್ಲ. ಇಷ್ಟು ಒಳ್ಳೆಯ ಏರ್ಪಾಡನ್ನು ಮಾರನೇ ವರ್ಷವೇ ಯಾಕೆ ಬಿಟ್ಟರೋ.

ನಾಲ್ಕು ಗಂಟೆಗೆ ರೇಸು. ಊರಲ್ಲಿ ರಾತ್ರಿ ಎಂಟೂವರೆ. ಮಾವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಟೀವಿಗೆ ಎದುರಾಗಿ ನಿಲ್ಲಿಸಿದೆ. ಪ್ರಾಣಿ ಓಡಿಸುವುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ನನಗೆ ಗೊತ್ತಿಲ್ಲ.

"ನಿಂದು ಯಾವುದು? ಯಾರ ಮನೆಯ ಕುದುರೆ?" ಅಂತ ಕೇಳಿದರು. ಕಂಬಳದಲ್ಲಿ ಕೋಣಕ್ಕೆ ಮನೆಯ ಹೆಸರೇ ಹೆಸರು.

"ಯಾರ ಮನೆಯದ್ದೂ ಅಲ್ಲ ಮಾವ. ಹನ್ನೆರಡು ಜನ ಸೇರಿ ಪಾಲು ಹಾಕಿ ತೆಗೆದುಕೊಂಡದ್ದಂತೆ."

"ಹಾಗಾದರೆ ಬಿದ್ದರೆ ಯಾರು ಅಳುವುದು?"

ನಾನು ನೆಲದ ಹದದ ಕಡೆ ಮಾತು ತಿರುಗಿಸಿದೆ. ಮಳೆಗೆ ಹೆಸರಾದ ಈ ದೇಶದಲ್ಲಿ ರೇಸಿನ ಹುಲ್ಲಿಗೆ ಪೈಪು ಹಾಕಿ ನೀರು ಬಿಡುತ್ತಾರೆ, ನೆಲ ಗಟ್ಟಿಯಾಗಬಾರದು ಅಂತ. ಒಂದು ಯಂತ್ರದ ಕೋಲನ್ನು ನೆಲಕ್ಕೆ ಚುಚ್ಚಿ ಹದದ ಅಂಕ ಓದುತ್ತಾರೆ. ಮಾವ ತಮ್ಮ ಹೆಬ್ಬೆರಳನ್ನು ಕ್ಯಾಮರಾಕ್ಕೆ ತೋರಿಸಿದರು. ಗದ್ದೆಯ ಹದ ನೋಡುವ ಯಂತ್ರ ಅವರಲ್ಲಿ ಎರಡಿದೆ, ಕಾಲಿಗೊಂದು.

ರೇಸ್ ಶುರುವಾಯಿತು. ಮೊದಲ ಬೇಲಿ ಹಾರಿದವು.

"ಎಂತ ಮಾರಾಯ ಇದು? ನಮ್ಮಲ್ಲಿ ದನ ಬೇಲಿ ಹಾರಿದರೆ ಕೊರಳಿಗೆ ಮರದ ತುಂಡು ಕಟ್ತೇವೆ."

"ಇಲ್ಲಿಯೂ ಕಟ್ತಾರೆ ಮಾವ. ಚೆನ್ನಾಗಿ ಹಾರಿದರೆ ಸೀಸ ಕಟ್ತಾರೆ."

ಅಷ್ಟರಲ್ಲಿ ನನ್ನ ಕುದುರೆ ಬಿತ್ತು. ಎಲ್ಲಕ್ಕಿಂತ ಮೊದಲು. ಜಾಕಿ ಉರುಳಿ ಮುದುಡಿ ಕುಳಿತ. ಕುದುರೆ ಎದ್ದಿತು, ಒಮ್ಮೆ ಮೈ ಕೊಡವಿತು, ಒಂಟಿಯಾಗಿ ಓಡತೊಡಗಿತು. ಬೆನ್ನ ಮೇಲೆ ಜನವಿಲ್ಲ. ಬೇಗ ಎಲ್ಲರನ್ನೂ ಹಿಂದೆ ಹಾಕಿತು. "ನೋಡಿ, ಅದಕ್ಕೆ ಹಾರುವುದೆಂದರೆ ಪ್ರಾಣ!" ಎಂದು ಟೀವಿಯವನು ಕೂಗಿದ. ಪ್ರಾಣ ಅನ್ನುವುದು ಸುಳ್ಳೇನಲ್ಲ. 2012ರಲ್ಲಿ ಸಿಂಕ್ರನೈಸ್ಡ್ ಎಂಬ ಕುದುರೆ ಬೆಚರ್ಸ್ ಬ್ರೂಕ್‌ನಲ್ಲಿ ಜಾಕಿಯನ್ನು ಕಳೆದುಕೊಂಡು, ಹೀಗೇ ಒಂಟಿಯಾಗಿ ಓಡುತ್ತಾ ಮುಂದಿನ ಬೇಲಿಯೊಂದರಲ್ಲಿ ಕಾಲು ಮುರಿದುಕೊಂಡು ಸತ್ತಿತು. ಒಂದು ತಿಂಗಳ ಹಿಂದಷ್ಟೇ ಚೆಲ್ಟನಮ್ ಗೋಲ್ಡ್ ಕಪ್ ಎಂಬ ಇನ್ನೊಂದು ದೊಡ್ಡ ರೇಸ್ ಗೆದ್ದಿತ್ತು. ಅಂಥ ಹೊತ್ತಿನಲ್ಲಿ ಹಸಿರು ಪರದೆ ಹಿಡಿದು ಸುತ್ತ ನಿಲ್ಲುತ್ತಾರೆ. ನೋಡುವವರಿಗೆ ನೋವಾಗಬಾರದಲ್ಲ.

ನನ್ನ ಕುದುರೆಗೆ ಬುದ್ಧಿ ಇತ್ತು. ಮುಂದಿನ ಬೇಲಿ ಬಂದಾಗ ಒಂದು ಕ್ಷಣ ನೋಡಿತು. ಬದಿಗೆ ಸರಿದು ಬೇಲಿಯ ಪಕ್ಕದಿಂದ ಹೋಯಿತು. ಹಾರುವುದೆಂದರೆ ಪ್ರಾಣ ಎಂದವನು ಒಂದು ಸಲ ಕೆಮ್ಮಿ ಬೇರೆ ಕುದುರೆಯ ವಿಷಯ ಎತ್ತಿದ.

"ಅದೇ ಗೆಲ್ತದೆ ನೋಡು!" ಮಾವ ಚಾವಡಿಯಲ್ಲಿ ಎದ್ದು ನಿಂತಿದ್ದರು.

"ಮಾವ, ಅದು ಲೆಕ್ಕಕ್ಕಿಲ್ಲ. ಮೇಲೆ ಜಾಕಿ ಇಲ್ಲ."

"ಓಡುವುದು ಯಾರು ಮಾರಾಯ?"

ಭಾನುವಾರ ಬೆಳಿಗ್ಗೆಯೇ ಅವರ ಮೆಸೇಜು: ನಿನ್ನ ಕುದುರೆಗೆ ಪೆಟ್ಟಾಯ್ತಾ? ಪೇಪರ್ ತಂದೆ. ಗೆದ್ದ ಕುದುರೆ, ಅದರ ಮಾಲೀಕರು, ಮಾಲೀಕರ ಹೆಂಡತಿ, ಹೆಂಡತಿಯ ಟೋಪಿ, ಎಲ್ಲ ಇತ್ತು. ಕೊನೆಗೆ ಸಣ್ಣ ಅಕ್ಷರದ ಪಟ್ಟಿಯಲ್ಲಿ ನನ್ನ ಕುದುರೆ ಸಿಕ್ಕಿತು. ಹೆಸರಿನ ಎದುರು ಒಂದೇ ಅಕ್ಷರ, ಎಫ್. ಬಿತ್ತು ಎಂದು ಅರ್ಥ. ಜಾಕಿಯನ್ನು ಕೆಡವಿದರೆ ಯು, ಅರ್ಧದಲ್ಲಿ ನಿಲ್ಲಿಸಿದರೆ ಪಿ. ಬಿದ್ದು ಎದ್ದರೆ ಇಂಥ ಅಕ್ಷರ ಅಂತ ಎಲ್ಲೂ ಇರಲಿಲ್ಲ.

ಸೋಮವಾರ ಡಬ್ಬ ಮತ್ತೆ ಬಂತು. "ಕಂಗ್ರಾಜುಲೇಷನ್ಸ್," ಎಂದು ಅಕೌಂಟ್ಸ್‌ನವಳು ಐದು ಪೌಂಡಿನ ನೋಟು ಕೈಗಿಟ್ಟಳು. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಕಂಬಳದ ವಿಡಿಯೋ ತೋರಿಸಿದವನಿಗೆ ಏನೂ ಬಂದಿರಲಿಲ್ಲ. ಅವನ ಕುದುರೆ ಬೀಳದೆ, ನಿಲ್ಲದೆ, ಹದಿನಾಲ್ಕನೆಯದಾಗಿ ಬಂದಿತ್ತು. "ನಿನ್ನ ಅದೃಷ್ಟ," ಎಂದ ಹೊಟ್ಟೆಕಿಚ್ಚಿನಿಂದ.

ಮನೆಗೆ ಬಂದು ಮಾವನಿಗೆ ಹೇಳಿದೆ.

"ಐದು ಪೌಂಡ್ ಅಂದರೆ ನಮ್ಮ ದುಡ್ಡಲ್ಲಿ ಎಷ್ಟು?"

"ಐನೂರು ಚಿಲ್ಲರೆ."

ಮಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಐದು ಕಿಲೋ ಹುರುಳಿ ಬರ್ತದೆ ಮಾರಾಯ. ಆ ಹನ್ನೆರಡು ಜನರ ವಿಳಾಸ ಹುಡುಕಿ ಕಳಿಸು. ಬೇಯಿಸಿ ಹಾಕಲಿಕ್ಕೆ ಹೇಳು, ಹಸಿಯಾಗಿ ಹಾಕಬಾರದು."