ಮೂಲಪುರುಷ ಬೇಕಾಗಿದ್ದಾನೆ

ಈಗಷ್ಟೇ ಫ್ಯಾಮಿಲಿ ಗ್ರೂಪನ್ನು ಮ್ಯೂಟ್ ಮಾಡಿ ಬಂದೆ. ಕೈಯೆಲ್ಲ ಕರ್ಜಿಕಾಯಿ ಹಿಟ್ಟು, ತಲೆಯೆಲ್ಲ ಕೋಪ. ಇಂಥ ಹೊತ್ತಲ್ಲಿ ಫೇಸ್‌ಬುಕ್ ಮುಟ್ಟಬಾರದು ಅಂತ ಗೊತ್ತು. ಆದರೂ ಬರೆಯುತ್ತೇನೆ.

ನಮ್ಮ ಮನೆತನದ ಚರಿತ್ರೆಯನ್ನು ನಾನು ಪುಸ್ತಕ ಮಾಡುತ್ತಿರುವ ಕಥೆ ನಿಮಗೆಲ್ಲ ಗೊತ್ತೇ ಇದೆ. ಇಲ್ಲೇ ಎಷ್ಟು ಸಲ ಗೋಳು ಹೇಳಿಕೊಂಡಿಲ್ಲ! ಅಂತೂ ಮುಗಿಯಿತು. ಸುಲ್ತಾನ್‌ಪೇಟೆಯ ಪ್ರೆಸ್ಸಿನಿಂದ ಪ್ರೂಫ್ ಬಂತು. ಕ್ರಿಸ್‌ಮಸ್ ರಾತ್ರಿಯ ಪೂಜೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಪ್ರತಿ ಕೊಡಬೇಕು ಅಂತ ಆಸೆ. ಖುಷಿಯಲ್ಲಿ ಪಿಡಿಎಫ್ ಅನ್ನು ಗ್ರೂಪಿಗೆ ಹಾಕಿದೆ. ಇಷ್ಟು ದಿನ ‘ಹಳೇ ಫೋಟೋ ಇದ್ರೆ ಕಳಿಸಿ’ ಅಂದರೆ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಿದ್ದವರೆಲ್ಲ ದಿಢೀರ್ ಅಂತ ಎದ್ದು ಕೂತರು. ಎಲ್ಲರದ್ದೂ ಒಂದೇ ಮಾತು. ಮೊದಲ ಅಧ್ಯಾಯ ತೆಗೆದುಬಿಡು.

ಮೊದಲ ಅಧ್ಯಾಯದಲ್ಲಿ ಇರೋದು ನಮ್ಮ ಮುತ್ತಜ್ಜಿ. ಧಾತು, ಈಶ್ವರ ಸಂವತ್ಸರಗಳ ಆ ದೊಡ್ಡ ಬರದಲ್ಲಿ ಬೆಂಗಳೂರಿನ ಕಡೆಗೆ ನಡೆದು ಬಂದವರ ನಡುವೆ ಒಂಟಿಯಾಗಿ ಉಳಿದ ಮಗು. ಕನ್ಯಾಸ್ತ್ರೀಯರ ಅನಾಥಾಲಯದಲ್ಲಿ ಬೆಳೆದವಳು. ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರಿನಲ್ಲಿ ವಯಸ್ಸು ಸುಮಾರು ಐದು. ತಂದೆ ತಾಯಿಯ ಹೆಸರು ಇರಬೇಕಾದ ಕಡೆ ಗೊತ್ತಿಲ್ಲ ಅಂತ ಬರೆದಿದೆ. ಅಷ್ಟೇ.

ದೊಡ್ಡಪ್ಪನ ಮಗ ಬರೆದ: ‘ಅಕ್ಕಾ, ಅನಾಥಾಲಯ ಅಂತೆಲ್ಲ ಯಾಕೆ? ಹಳೇ ಕ್ರೈಸ್ತ ಮನೆತನ ಅಂತ ಹಾಕಿದ್ರೆ ಸಾಕಲ್ವಾ?’ ಇನ್ನೊಬ್ಬರಿಗೆ ನಮ್ಮ ಹಿರೀಕರು ಶ್ರೀರಂಗಪಟ್ಟಣದ ಕೋಟೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಅಂತ ಗಟ್ಟಿ ನಂಬಿಕೆ. ಮತ್ತೊಬ್ಬರು ಒಂದು ಹೆಜ್ಜೆ ಮುಂದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಫ್ರಾನ್ಸಿನ ದುಬ್ವಾ ಪಾದ್ರಿ ಅಲ್ಲಿಗೆ ಬಂದು ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಿದರಲ್ಲ, ಆಗ ಅವರ ಬಲಗೈ ಆಗಿದ್ದವರೇ ನಮ್ಮವರಂತೆ. ದಾಖಲೆ? ಯಾರೋ ಹೇಳಿದ್ದರಂತೆ. ಯಾರು? ತೀರಿಕೊಂಡರಂತೆ.

ನಮ್ಮವರಿಗೆ ಒಬ್ಬ ಮೂಲಪುರುಷ ಬೇಕು. ಪೇಟ ಇರಬೇಕು, ಸಾಧ್ಯವಾದರೆ ಒಂದು ಕುದುರೆಯೂ ಇರಬೇಕು. ಹಸಿದು ಬಂದ ಹೆಣ್ಣುಮಗು ಬೇಡ.

ಆ ಬರ ಅಂದರೆ ಏನು ಅಂತ ಇವರಿಗೆ ಸ್ವಲ್ಪವಾದರೂ ಗೊತ್ತಾ? 1876ರಿಂದ 78. ಮಳೆ ಮೇಲಿಂದ ಮೇಲೆ ಕೈಕೊಟ್ಟಿತ್ತು. ಮದರಾಸಿನ ರೈಲು 1864ರಲ್ಲೇ ಬೆಂಗಳೂರಿನ ದಂಡಿಗೆ (ಕಂಟೋನ್ಮೆಂಟಿಗೆ) ಬಂದಿತ್ತು, ಹಾಗಾಗಿ ಕಾಳು ಬೆಂಗಳೂರಿನ ತನಕ ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಗಾಡಿಯೇ ಗತಿ. ಎಳೆಯುವ ಎತ್ತಿಗೇ ಮೇವಿಲ್ಲ. ಕಾಳು ಊರಿಗೆ ಬರದಿದ್ದರೆ ಊರೇ ಕಾಳಿದ್ದ ಕಡೆಗೆ ನಡೆಯಿತು. ದಾರಿಯಲ್ಲಿ ಎಷ್ಟು ಜನ ಬಿದ್ದರೋ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 42 ಲಕ್ಷಕ್ಕಿಂತ ಕಡಿಮೆ. ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿ ಹಾಕುವ ಕೆಲಸ ಶುರುವಾಗಿದ್ದೇ ಬರದ ಕಾಮಗಾರಿಯಾಗಿ. ಕೂಲಿಗೆ ಬಂದವರು ಹಸಿದ ಜನ. 1882ರ ಹೊತ್ತಿಗೆ ರೈಲು ಮೈಸೂರು ಮುಟ್ಟಿತು. ನಮ್ಮ ಚಿಕ್ಕಪ್ಪನ ಮನೆಯವರು ಪ್ರತಿ ವರ್ಷ ಕ್ರಿಸ್‌ಮಸ್ ರಜೆಗೆ ಅದೇ ದಾರಿಯಲ್ಲಿ ಚಿಪ್ಸ್ ತಿನ್ನುತ್ತಾ ಹೋಗುತ್ತಾರೆ. ಬರ ಮಾತ್ರ ಪುಸ್ತಕದಲ್ಲಿ ಬೇಡ.

ರಿಜಿಸ್ಟರಿನಲ್ಲಿ ಮುತ್ತಜ್ಜಿಯ ಆ ಒಂದು ಸಾಲನ್ನು ಹುಡುಕೋಕೆ ನಾನು ಪಟ್ಟ ಪಾಡು ಬೇರೆ. ರಿಜಿಸ್ಟರೆಲ್ಲ ಲ್ಯಾಟಿನ್. ಮನೆಯಲ್ಲಿ ರಾಯಪ್ಪ, ರಿಜಿಸ್ಟರಿನಲ್ಲಿ ಪೇತ್ರುಸ್. ಚೌರಪ್ಪ, ಇನ್ನಾಸಪ್ಪ, ಚಿನ್ನಪ್ಪ ಯಾರನ್ನೂ ಮನೆಯ ಹೆಸರಿನಲ್ಲಿ ಹುಡುಕುವ ಹಾಗಿಲ್ಲ. ಬೆಂಗಳೂರಿಗೆ ಸ್ವಂತ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ಸೀಮೆ) ಆಗಿದ್ದೇ 1940ರಲ್ಲಿ, ಅದಕ್ಕೆ ಮುಂಚೆ ಎಲ್ಲ ಮೈಸೂರಿಗೇ ಸೇರಿದ್ದು. ಅಜ್ಜನದು ಸುಲಭವಾಗಿ ಸಿಕ್ಕಿತು. ಜ್ಞಾನಸ್ನಾನದ ಸಾಲಿನ ಪಕ್ಕದಲ್ಲೇ ಮುಂದೆ ಆದ ಮದುವೆಯನ್ನೂ ಬರೆದಿಡುವ ಪದ್ಧತಿ ಇದೆ. ಮುತ್ತಜ್ಜಿಯ ಸಾಲಿನ ಪಕ್ಕ ಖಾಲಿ. ಒಬ್ಬ ವಯಸ್ಸಾದ ಫಾದರ್ ಪಕ್ಕದಲ್ಲಿ ಕೂತು ಓದಿ ಹೇಳದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಪುಣ್ಯಾತ್ಮರು.

ಇಷ್ಟೆಲ್ಲ ಆದ ಮೇಲೆ ಈ ಮೊದಲ ಅಧ್ಯಾಯದ ಗಲಾಟೆ ಯಾಕೆ ಅಂತ ನಿಜವಾದ ಕಾರಣವನ್ನೂ ಹೇಳಿಬಿಡುತ್ತೇನೆ. ಗ್ರೂಪಿನಲ್ಲಿ ಯಾರೂ ಬರೆಯಲಿಲ್ಲ, ಫೋನ್ ಮಾಡಿ ಮೆಲ್ಲಗೆ ಹೇಳಿದರು. ಮನೆಯಲ್ಲಿ ಒಬ್ಬ ಹುಡುಗಿಗೆ ಗಂಡು ನೋಡುತ್ತಿದ್ದಾರೆ. ತಂದೆ ತಾಯಿ ಗೊತ್ತಿಲ್ಲ ಅಂದರೆ ಜಾತಿ ಗೊತ್ತಿಲ್ಲ ಅಂತ. ಹೌದು ಸ್ವಾಮಿ, ನಾವು ಕ್ರೈಸ್ತರೇ. ಪೂಜೆಯಲ್ಲಿ ‘ಸಹೋದರ ಸಹೋದರಿಯರೇ’ ಅನ್ನುತ್ತೇವೆ. ಹೊರಗೆ ಬಂದು ಕಾಫಿ ಕುಡಿಯುತ್ತಾ ‘ಅವರು ಮೂಲದಲ್ಲಿ ಯಾರು?’ ಅಂತ ವಿಚಾರಿಸುತ್ತೇವೆ.

ತಮಾಷೆ ಏನು ಗೊತ್ತಾ? ಇದೆಲ್ಲ ನಡೆದದ್ದು ಡಿಸೆಂಬರ್ 17ರಂದು. ಭಾನುವಾರ ಬಿದ್ದರೆ ಬಿಟ್ಟು, ಪ್ರತಿ ವರ್ಷ ಆ ದಿನದ ಪೂಜೆಯಲ್ಲಿ ಓದುವುದು ಮತ್ತಾಯನ ಶುಭಸಂದೇಶದಲ್ಲಿರುವ ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಶುರುವಾಗಿ ಹದಿನಾಲ್ಕು, ಹದಿನಾಲ್ಕು, ಮತ್ತೆ ಹದಿನಾಲ್ಕು ತಲೆಮಾರು. ಹೆಸರಿನ ಮೇಲೆ ಹೆಸರು, ಅರ್ಧ ಚರ್ಚು ತೂಕಡಿಸುತ್ತಿರುತ್ತೆ. ಆ ಪಟ್ಟಿಯಲ್ಲಿ ಮಾವನನ್ನೇ ವೇಷ ಹಾಕಿ ಮೋಸ ಮಾಡಿದ ತಾಮಾರ್ ಇದ್ದಾಳೆ. ಜೆರಿಕೋದ ವೇಶ್ಯೆ ರಾಹಾಬ್ ಇದ್ದಾಳೆ. ಪರದೇಶದ ವಿಧವೆ ರೂತ್ ಇದ್ದಾಳೆ. ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ದಾವೀದ ರಾಜನ ಅನ್ಯಾಯ ಮರೆಯದ ಹಾಗೆ ‘ಊರೀಯನ ಹೆಂಡತಿ’ ಅಂತಲೇ ಬರೆದಿದೆ. ಮತ್ತಾಯ ನಮ್ಮ ಗ್ರೂಪಿನಲ್ಲಿ ಇದ್ದಿದ್ದರೆ? ಮೊದಲ ಪುಟದಲ್ಲೇ ಕತ್ತರಿ.

ಸೋದರತ್ತೆ ಒಬ್ಬರು ಮಾತ್ರ ಬೇರೆ ರೀತಿ ಕೇಳಿದರು. ‘ಅಜ್ಜಿ ಬದುಕಿರೋವರೆಗೂ ಅದನ್ನ ಬಾಯಿಬಿಟ್ಟು ಹೇಳಲಿಲ್ಲ ಕಣೇ. ನೀನ್ಯಾಕೆ ಹೇಳ್ತೀಯ?’ ಸರಿ, ಇದು ಯೋಚನೆ ಮಾಡಬೇಕಾದ ಪ್ರಶ್ನೆ. ಮಾಡಿದೆ. ಹೇಳಲಿಲ್ಲವೋ, ಕೇಳುವವರೇ ಇರಲಿಲ್ಲವೋ? ಸೊಸೆ ಮಕ್ಕಳ ನಡುವೆ ಯಾರಾದರೂ ಆಕೆಯನ್ನು ಕೂರಿಸಿ ‘ನಿಮ್ಮ ಊರು ಯಾವುದಮ್ಮಾ?’ ಅಂದಿದ್ದರಾ? ಇನ್ನು ನಾಚಿಕೆಯ ಮಾತು. 1881ರವರೆಗೂ ಮೈಸೂರು ಇದ್ದದ್ದು ಬ್ರಿಟಿಷ್ ಕಮಿಷನರ್ ಕೈಯಲ್ಲಿ. ಅಷ್ಟು ಜನ ಸತ್ತದ್ದಕ್ಕೆ ನಾಚಬೇಕಾದವರು ಅವರಾ, ಐದು ವರ್ಷದ ಮಗುವಾ?

ಇನ್ನೊಂದು ವಿಷಯ. ಹೇಳಬಾರದು ಅಂತಿದ್ದೆ. ನನಗೆ ಮಕ್ಕಳಿಲ್ಲ ಅನ್ನೋದು ನಿಮಗೆಲ್ಲ ಗೊತ್ತು. ವಂಶವೃಕ್ಷದಲ್ಲಿ ನನ್ನ ಹೆಸರಿನ ಕೆಳಗೆ ಗೆರೆ ಇಲ್ಲ. ಆಕೆಯ ಹೆಸರಿನ ಮೇಲೆ ಗೆರೆ ಇಲ್ಲ. ಪ್ರೂಫ್ ನೋಡುತ್ತಾ ಕೂತಾಗ ಇದು ಕಣ್ಣಿಗೆ ಬಿತ್ತು. ಆಮೇಲೆ ಯಾರು ಏನೇ ಹೇಳಿದರೂ ನಾನು ಬಗ್ಗುವುದಿಲ್ಲ ಅಂತ ತೀರ್ಮಾನ ಆಯಿತು. ಇದು ಹಟ ಅಂದರೆ ಹಟವೇ.

ಈ ಗಲಾಟೆಯಲ್ಲಿ ಮನೆ ಕೆಲಸ ಎಲ್ಲ ಹಿಂದೆ ಬಿದ್ದಿದೆ. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರಕ್ಕೆ) ಅಂತ ಬಿತ್ತಿದ ರಾಗಿ ಪೈರು ಒಂದು ಕಡೆ ಬೆಳೆದು ಇನ್ನೊಂದು ಕಡೆ ಬೋಳು. ನಕ್ಷತ್ರದ ವೈರು ಇಲಿ ಕಡಿದಿದೆ. ಕೇಕಿಗೆ ನೆನೆಸಿಟ್ಟ ದ್ರಾಕ್ಷಿಯ ರಮ್ಮನ್ನು ಯಾರೋ ರುಚಿ ನೋಡಿ ನೋಡಿ ಅರ್ಧ ಮಾಡಿದ್ದಾರೆ. ಯಜಮಾನರು ನಾನಲ್ಲ ಅನ್ನುತ್ತಿದ್ದಾರೆ.

ಪ್ರೂಫಿಗೆ ಸಹಿ ಹಾಕಿ ಪ್ರೆಸ್ಸಿಗೆ ಕಳಿಸಿಯಾಯಿತು. ಮೊದಲ ಅಧ್ಯಾಯ ಇದ್ದ ಹಾಗೇ ಇದೆ. ಪ್ರೆಸ್ಸಿನವರು ಫಾರಂ ಲೆಕ್ಕಕ್ಕೆ ಕೊನೆಯಲ್ಲಿ ನಾಲ್ಕು ಪುಟ ಖಾಲಿ ಉಳಿಯುತ್ತೆ, ಏನು ಮಾಡೋಣ ಮೇಡಂ ಅಂದರು. ಹಾಗೇ ಬಿಡಿ ಅಂದೆ. ಶ್ರೀರಂಗಪಟ್ಟಣದ ಕೋಟೆಯವರು, ದುಬ್ವಾ ಪಾದ್ರಿಯ ಬಲಗೈಯವರು ಎಲ್ಲ ತಮ್ಮ ತಮ್ಮ ಮೂಲಪುರುಷನನ್ನು ಅಲ್ಲಿ ಬರೆದುಕೊಳ್ಳಲಿ. ಪೆನ್ನು ನಾನೇ ಕೊಡುತ್ತೇನೆ.